ಲಂಚ, ಬಡವ, ಸಾಹುಕಾರ: ಯಾವ ಕಾದಂಬರಿ ಮೊದಲ ಹಿಡೀಬೇಕು?

"ಸರ್, ಈ ಲಂಚ, ಭ್ರಷ್ಟಾಚಾರ, ಬಡವ-ಸಾಹುಕಾರ ಅನ್ನೋದರ ಮ್ಯಾಲ ಒಂದು ಛಲೋ ಕಾದಂಬರಿ ಹೇಳ್ರಿ" ಅಂತ ಕಲಬುರಗಿದಾಗ ನನಗ ಕೇಳೋರು ಭಾಳ ಮಂದಿ ಅದಾರ, ಅದರಾಗ ಅರ್ಧಕ್ಕರ್ಧ ಎಫ್‌ಡಿಎ, ಪಿಡಿಒ ಅಂತ ಸರಕಾರಿ ನೌಕರಿ ಪರೀಕ್ಷೆಗೆ ಲೈಬ್ರರಿದಾಗ ಕೂತು ಓದೋ ಹುಡುಗ್ರು ಹುಡುಗೇರು, ಅಂದ್ರ ನಾಳಿ ಅದೇ ಸರಕಾರಿ ಟೇಬಲ್ ಹಿಂದ ಕೂಡೋರು. ಒಂದೇ ಹೆಸರು ಹೇಳು ಅಂದ್ರ ನನಗ ಆಗಂಗಿಲ್ಲ. ಯಾರು ಓದ್ತಾರ, ಯಾಕ ಓದ್ತಾರ, ಎಷ್ಟು ಹೊತ್ತದ, ಯಾವ ಭಾಷಾ ಬರ್ತದ ಇದೆಲ್ಲಾ ಕೇಳಬೇಕಾಗ್ತದ. ಅದಕ್ಕ ಒಂದು ಸಲ ಕೂತು ಜೋಡಿ ಜೋಡಿ ಮಾಡಿ ಬರ್ದು ಬಿಡ್ತೀನಿ, ನಿಮಗ ಯಾವುದು ಹೊಂದ್ತದ ನೀವೇ ಆರಿಸ್ಕೊರಿ.

ಭ್ರಷ್ಟಾಚಾರದ ಕತಿ ಅಂದಕೂಡ್ಲೇ ಎಲ್ಲಾ ಒಂದೇ ನಮೂನಿ ಅಂತ ತಿಳ್ಕೊಂಡಾರ ಮಂದಿ. ಒಬ್ಬ ಕೆಟ್ಟ ಸಾಹೇಬ, ಒಬ್ಬ ಪಾಪದ ರೈತ, ಕೊನಿಗೆ ಒಬ್ಬ ಖಡಕ್ ಡಿಸಿ ಬಂದು ಸಸ್ಪೆಂಡ್ ಮಾಡ್ತಾನ, ಮುಗೀತು. ಅಂಥಾವು ಬೇಕಾದಷ್ಟು ಅದಾವ, ಟೈಂಪಾಸ್‌ಗ ಓದ್ರಿ, ನನ್ನ ತಕರಾರಿಲ್ಲ. ಆದ್ರ ಗಟ್ಟಿ ಪುಸ್ತಕ ಬೇಕಂದ್ರ ನಾನು ಎರಡು ಪ್ರಶ್ನೆ ಕೇಳಿ ನೋಡ್ತೀನಿ. ಮೊದಲನೇದು, ಈ ಕತಿ ನಿಮ್ಮನ್ನ ಟೇಬಲ್ಲಿನ ಯಾವ ಕಡಿ ಕೂಡಸ್ತದ? ಅರ್ಜಿ ಹಿಡ್ಕೊಂಡು ನಿಂತವನ ಕಡಿನೋ, ಫೈಲ್ ಮ್ಯಾಲ ಕೈ ಇಟ್ಕೊಂಡು ಕೂತವನ ಕಡಿನೋ, ಎಸಿ ರೂಮಿನಾಗ ಕೂತು ಸಹಿ ಹಾಕೋನ ಕಡಿನೋ, ಇಲ್ಲಾ ಆ ಸಾಹೇಬನ ಗಾಡಿ ಹೊಡಿಯೋ ಡ್ರೈವರನ ಕಡಿನೋ. ಎರಡನೇದು ನನಗ ಇನ್ನೂ ಮುಖ್ಯ: ಆ ಕತಿಯೊಳಗ ಕಾಯೋರು ಯಾರು? ಸಾಹುಕಾರಗ ಲಂಚ ಅಂದ್ರ ರೊಕ್ಕ ಅಷ್ಟೇ, ಕೊಟ್ಟ, ಮರತ. ಬಡವನ ಹತ್ರ ರೊಕ್ಕ ಇರಲ್ಲ, ಅವ ತನ್ನ ದಿನಗಳನ್ನ ಕೊಡ್ತಾನ, ಕೂಲಿ ಬಿಟ್ಟು, ಸೇಡಂದಿಂದಲೋ ಜೇವರ್ಗಿಯಿಂದಲೋ ಬಸ್ ಹಿಡ್ಕೊಂಡು ಬಂದು "ಸಾಹೇಬ್ರು ಮೀಟಿಂಗ್‌ಗ ಹೋಗ್ಯಾರ, ನಾಳಿ ಬಾ" ಅಂತ ಕೇಳಿ ಹೊಳ್ಳಿ ಹೋಗೋ ದಿನಗಳು. ಈ ಲೆಕ್ಕ ಹಿಡಿದ ಲೇಖಕಗ ಬಡವ-ಸಾಹುಕಾರ ಅಂದ್ರ ಏನು ಅಂತ ಗೊತ್ತದ, ಉಳಿದವ್ರು ಬರೀ ಬೈತಾರ.

ಕಾಯೋರ ಕಡಿಯಿಂದಲೇ ಶುರು ಮಾಡೋಣ, ಇಲ್ಲೇ ಮಾಲು ಹೆಚ್ಚದ. ಒಂದು ಕಡಿ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ', 'ಅಬಚೂರಿನ ಪೋಸ್ಟಾಫೀಸು' ಸಂಕಲನದಾಗ ಅದ, ಮುಂದ ಗಿರೀಶ್ ಕಾಸರವಳ್ಳಿ ಅದನ್ನ ಸಿನಿಮಾ ಮಾಡಿದ್ರು, 1986ನೇ ಸಾಲಿನ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ತಬರನ ಪಾರ್ಟ್ ಮಾಡಿದ ಚಾರುಹಾಸನ್‌ರಿಗೂ ಬಂತು. ಇನ್ನೊಂದು ಕಡಿ ಶ್ರೀಲಾಲ್ ಶುಕ್ಲರ ಹಿಂದಿ ಕಾದಂಬರಿ 'ರಾಗ್ ದರ್ಬಾರಿ', 1968ರದು, ಮರುವರ್ಷನೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ತು. ಎರಡೂ ಕತಿದಾಗ ಒಬ್ಬ ಮನುಷ್ಯ ಒಂದು ಕಾಗದಕ್ಕಾಗಿ ಕಾಯ್ತಾನ, ಬರೇ ಅಷ್ಟೇ. ಆದ್ರ ಓದಿದ ಮ್ಯಾಲ ಎದಿಯೊಳಗ ಉಳಿಯೋದು ಬ್ಯಾರೆ ಬ್ಯಾರೆ.

ತಬರ ಮುನ್ಸಿಪಾಲ್ಟಿ ನೌಕರ. ಜೀವನಪೂರ್ತಿ ಸರಕಾರ ಅಂದ್ರ ದೇವರು ಅಂತ ನಂಬ್ಕೊಂಡು ದುಡದವ. ರಿಟೈರ್ ಆದ ಮ್ಯಾಲ ಪಿಂಚಣಿ ಬರಬೇಕು, ಹಳೇ ಲೆಕ್ಕದ ತಕರಾರು ತಗದು ಅದನ್ನ ನಿಲ್ಲಸ್ತಾರ, ಈ ಕಡಿ ಹೆಂಡ್ತಿ ಕಾಲಿಗೆ ಗ್ಯಾಂಗ್ರೀನ್, ಆಪರೇಷನ್‌ಗ ರೊಕ್ಕ ಬೇಕು. ಕೊನಿಗೆ ಅವ ಕಟುಕನ ಹತ್ರ ಹೋಗಿ ಆಕಿ ಕಾಲು ಕಡಿ ಅಂತ ಕೇಳೋ ಹಂತಕ್ಕ ಬರ್ತಾನ. ನೋಡ್ರಿ, ಇದರಾಗ ಮೀಸಿ ತಿರುವೋ ವಿಲನ್ ಒಬ್ಬನೂ ಇಲ್ಲ. ಯಾರೂ ಎದಿ ಮ್ಯಾಲ ಕೂತು ಲಂಚ ಕೇಳಂಗಿಲ್ಲ, ಪ್ರತಿಯೊಬ್ಬ ಕಾರಕೂನ ತನ್ನ ತನ್ನ ರೂಲ್ ಪ್ರಕಾರ ಸರಿನೇ ಅದಾನ, ಎಲ್ಲರೂ ಸರಿ ಇದ್ದು ಒಬ್ಬ ಮನುಷ್ಯ ನಾಶ ಆಗ್ತಾನ, ಅದು ನೋಡಿ ರಾತ್ರಿ ನಿದ್ದಿ ಬರಂಗಿಲ್ಲ. ಇನ್ನೊಂದು ಮಾತದ, ತಬರ ಹೊರಗಿನವ ಅಲ್ಲ, ಅವನೂ ಸರಕಾರದವನೇ, ನಿನ್ನಿ ತನಕ ಟೇಬಲ್ಲಿನ ಆ ಕಡಿ ಇದ್ದವ. ಕುರ್ಚಿ ಹೋದಕೂಡ್ಲೇ ಅವನೂ ಬಡವ ಆದ. ನಮ್ಮ ನೌಕರಿ ಹುಡುಗ್ರು ಇದನ್ನೇ ಮೊದಲ ಓದಬೇಕು ಅಂತ ನಾ ಹಟ ಹಿಡಿಯೋದು ಇದಕ್ಕ.

'ರಾಗ್ ದರ್ಬಾರಿ'ದಾಗ ಲಂಗಡ್ ಅಂತ ಒಬ್ಬ ಬರ್ತಾನ, ಮುಖ್ಯ ಪಾತ್ರ ಏನಲ್ಲ, ಕತಿ ನಡುವ ಆವಾಗಾವಾಗ ಹಾದು ಹೋಗ್ತಾನ. ತಹಸೀಲ್ ಆಫೀಸಿನಾಗ ಒಂದು ಕಾಗದದ ನಕಲು ತಗೋಬೇಕಾಗ್ಯದ ಅವಂಗ. ನಕಲು ಕೊಡೋ ಬಾಬು ಕೇಳಿದ ರೇಟು ಇವಂಗ ಹೆಚ್ಚಂತ ಅನಸ್ತದ, ಜಗಳ ಆಗ್ತದ, ಆಮ್ಯಾಲ ಇಬ್ಬರೂ ಹಟಕ್ಕ ಬೀಳ್ತಾರ: ಇವ ಲಂಚ ಕೊಡದೇ ರೂಲ್ ಪ್ರಕಾರನೇ ತಗೋತೀನಿ ಅಂತಾನ, ಅವ ಲಂಚ ತಗೊಳದೇ ರೂಲ್ ಪ್ರಕಾರನೇ ಕೊಡ್ತೀನಿ ಅಂತಾನ. ಇದಕ್ಕ ಧರ್ಮಯುದ್ಧ ಅನ್ನೋ ದರ್ಜಾ ಬ್ಯಾರೆ. ನಮ್ಮ ಕಡಿ ಪಹಣಿ, ಮುಟೇಶನ್ ಅಂತ ಓಡಾಡಿದ ಯಾರಿಗರ ಇದನ್ನ ಓದಿ ಹೇಳ್ರಿ, ಹೊಟ್ಟಿ ಹಿಡ್ಕೊಂಡು ನಗ್ತಾರ, ನಕ್ಕು ಮುಗಿಸಿ ಸುಮ್ಮ ಆಗ್ತಾರ. ರೂಲ್ ಅನ್ನೋದೇ ಇಲ್ಲಿ ದೊಡ್ಡ ಶಿಕ್ಷೆ, ಲಂಚ ಅಂದ್ರ ಆ ಶಿಕ್ಷೆಯಿಂದ ಬಿಡಿಸ್ಕೊಳ್ಳೋ ಫೀ. ಶುಕ್ಲರು ಸ್ವತಃ ಉತ್ತರ ಪ್ರದೇಶ ಸರಕಾರದಾಗ ಅಧಿಕಾರಿ ಆಗಿದ್ದವ್ರು, ಫೈಲ್ ಹ್ಯಾಂಗ ನಡೀತದ, ಹ್ಯಾಂಗ ಮಲಗ್ತದ ಅನ್ನೋದು ಅವರಿಗೆ ಒಳಗಿನಿಂದ ಗೊತ್ತು.

ಆ ಕಾದಂಬರಿ ಬರೀ ಲಂಗಡ್‌ನದು ಅಲ್ಲ ಮತ್ತ. ಶಿವಪಾಲಗಂಜ್ ಅಂತ ಒಂದು ಊರು, ಅಲ್ಲಿ ವೈದ್ಯಜೀ ಅನ್ನೋ ಹಿರಿಯ, ಕಾಲೇಜು ಅವನ ಕೈಯಾಗ, ಕೋಆಪರೇಟಿವ್ ಅವನ ಕೈಯಾಗ, ಊರ ಪಂಚಾಯ್ತಿಗೆ ತನ್ನ ಮನಿ ಆಳನ್ನೇ ಪ್ರಧಾನ ಮಾಡಸ್ತಾನ. ಪಟ್ಟಣದಿಂದ ಆರೋಗ್ಯ ಸುಧಾರಿಸ್ಕೊಳ್ಳಾಕ ಅಂತ ಬಂದ ರಂಗನಾಥ ಅನ್ನೋ ಎಂಎ ಮಾಡಿದ ಸೋದರಳಿಯ ಇದನ್ನೆಲ್ಲಾ ನೋಡ್ತಾನ, ಸಿಟ್ಟಿಗೇಳ್ತಾನ, ಏನೂ ಮಾಡಂಗಿಲ್ಲ. ಓದಿದವರ ಕೈಲೆ ಏನಾಗ್ತದ ಅನ್ನೋದಕ್ಕ ಇದಕ್ಕಿಂತ ನಿಷ್ಠುರ ಉತ್ತರ ನಾನಂತೂ ಬ್ಯಾರೆ ಕಡಿ ಓದಿಲ್ಲ. ಬೀದರ್, ಹುಮನಾಬಾದ್, ಬಸವಕಲ್ಯಾಣ ಕಡಿಯವ್ರು ಇದನ್ನ ಹಿಂದಿದಾಗೇ ಹಿಡೀರಿ, ನಿಮಗ ಹಿಂದಿ, ಉರ್ದು ಮನಿ ಮಾತಿನಂಗೇ ಬರ್ತದಲ್ಲ, ಅವಧಿ ಬೆರೆಸಿದ ಒಂದೊಂದು ಮಾತು ತಡೀತದ ಅಷ್ಟೇ. ಹಿಂದಿ ತ್ರಾಸ್ ಆಗೋರು ಜಿಲಿಯನ್ ರೈಟ್ ಮಾಡಿದ ಇಂಗ್ಲಿಷ್ ಅನುವಾದ ಹಿಡೀಬಹುದು, ನಗಿ ಸ್ವಲ್ಪ ಕಮ್ಮಿ ಆಗ್ತದ.

ಹಂಗಾದ್ರ ಎರಡರಾಗ ಯಾವುದು? ಹೊತ್ತಿಲ್ಲ ಅನ್ನೋರಿಗೆ ತಬರ, ಒಂದೇ ಸಲ ಕೂತು ಓದಿ ಮುಗಿಸಬಹುದು. ದಪ್ಪ ಪುಸ್ತಕಕ್ಕ ಅಂಜಂಗಿಲ್ಲ, ನಗಬೇಕು ಅನ್ನೋರಿಗೆ ಶಿವಪಾಲಗಂಜ್. ಮತ್ತ ಇದು ಹಳೇ ಕಾಲದ ಕತಿ, ಈಗ ಎಲ್ಲಾ ಆನ್‌ಲೈನ್ ಆಗ್ಯದ ಅನ್ನೋರು ಸಿಗ್ತಾರ. ಖರೆ, ಭೂಮಿ ತಂತ್ರಾಂಶ ಬಂತು, 2012ರಲ್ಲಿ ಸಕಾಲ ಬಂತು, ಇಷ್ಟು ದಿನದಾಗ ಕೆಲಸ ಆಗಬೇಕು ಅಂತ ಕಾಯ್ದೇನೇ ಅದ, ಫರಕ್ ಆಗಿಲ್ಲ ಅಂತ ನಾ ಹೇಳಂಗಿಲ್ಲ. ಆದ್ರ "ನಾಳಿ ಬಾ" ಅನ್ನೋದು ಹೋಗಿ "ಸರ್ವರ್ ಡೌನ್ ಅದ" ಅನ್ನೋದು ಬಂದದ, ಲಂಗಡ್ ಈಗ ಇದ್ದಿದ್ರ ಕಂಪ್ಯೂಟರ್ ಸೆಂಟರ್ ಮುಂದ ಕೂತಿರ್ತಿದ್ದ.

ಇದೇ ಸಾಲಿನಾಗ ದೇವನೂರ ಮಹಾದೇವರ 'ಒಡಲಾಳ' ಇಡ್ತೀನಿ ನಾನು, ಮಂದಿ ಅದನ್ನ ದಲಿತ ಬದುಕಿನ ಕತಿ ಅಂತ ಮಾತ್ರ ಓದ್ತಾರ. ಅದರಾಗ ಎರಡು ಕಳವು ಅದಾವ. ಸಾಕವ್ವನ ಹುಂಜ ಕಳೀತದ, ಆಕಿ ಊರೆಲ್ಲಾ ಸುತ್ತಿ, ಬೈದು, ಶಾಪ ಹಾಕಿ ತಾನೇ ಹುಡುಕಬೇಕು, ಕೇಳೋ ನರಪಿಳ್ಳಿ ಇಲ್ಲ. ಸಾಹುಕಾರನ ಕಡೆಯ ಕಡಲೆಕಾಯಿ ಮೂಟಿ ಕಳೀತದ, ಮುಂಜಾನಿ ಆಗೂದರೊಳಗ ಪೊಲೀಸ್ರು ಸಾಕವ್ವನ ಮನಿ ಬಾಗಲಿಗೆ. ರಾತ್ರಿಪೂರ್ತಿ ಆ ಹಸಿದ ಮನಿ ಮಂದಿ ಒಲಿ ಸುತ್ತ ಕೂತು ಕಡಲೆಕಾಯಿ ತಿಂದು ಸಿಪ್ಪಿ ಬೆಂಕಿಗೆ ಹಾಕೋ ಭಾಗ ಓದ್ರಿ, ಕನ್ನಡದಾಗ ಊಟದ ಮ್ಯಾಲ ಅಷ್ಟು ಛಲೋ ಬರದಿದ್ದು ಕಮ್ಮಿ. ಲಂಚದ ಮಾತು ಎಲ್ಲೂ ದೊಡ್ಡದಾಗಿ ಬರಂಗಿಲ್ಲ, ಆದ್ರ ಕಾನೂನು ಯಾರಿಗೆ ಓಡಿ ಬರ್ತದ, ಯಾರಿಗೆ ತಿರುಗಿ ನೋಡಂಗಿಲ್ಲ ಅನ್ನೋದು ಎರಡು ಕಳವಿನಾಗ ಮುಗಿಸ್ಯಾರ. ತ್ರಾಸ್ ಏನಂದ್ರ ಭಾಷಾ, ಅದು ಮೈಸೂರು ಸೀಮಿ ಕೆಳಗಿನ ಕಡಿಯ ಮಾತು, ನಮಗ ಮೊದಲ ಹತ್ತು ಪುಟ ಕಾಲು ಎಳೀತದ, ಜೋರಾಗಿ ಓದಿದ್ರ ತಿಳೀತದ.

ಈಗ ಟೇಬಲ್ಲಿನ ಆ ಕಡಿ ಹೋಗೋಣ. ಕೈ ಚಾಚೋ ಕಾರಕೂನ ಹುಟ್ಟಾ ಕೆಟ್ಟವನೋ, ಕೆಟ್ಟು ಹೋದನೋ? ಇದಕ್ಕ ನಾನು ಆಫ್ರಿಕಾದ ಎರಡು ಕಾದಂಬರಿ ಹೇಳ್ತೀನಿ, ಯಾಕಂದ್ರ ಸ್ವಾತಂತ್ರ್ಯ ಹೊಸದಾಗಿ ಬಂದ ದೇಶದಾಗ ಓದಿದ ಹುಡುಗನ ಮ್ಯಾಲ ಊರಿನ ಭಾರ ಹ್ಯಾಂಗ ಬೀಳ್ತದ ಅನ್ನೋದನ್ನ ಅಷ್ಟು ನೆಟ್ಟಗ ಬರೆದವ್ರು ನಮ್ಮಲ್ಲಿ ಕಮ್ಮಿ. ಮೊದಲನೇದು ನೈಜೀರಿಯಾದ ಚಿನುವಾ ಅಚೆಬೆ 1960ರಲ್ಲಿ ಬರೆದ 'ನೋ ಲಾಂಗರ್ ಅಟ್ ಈಸ್'. ಓಬಿ ಅನ್ನೋ ಹುಡುಗನ್ನ ಅವನ ಊರಿನ ಸಂಘದವ್ರು ರೊಕ್ಕ ಕೂಡಿಸಿ ಇಂಗ್ಲೆಂಡಿಗೆ ಕಳಿಸಿ ಓದಸ್ತಾರ, ಆ ರೊಕ್ಕ ಅವ ಹೊಳ್ಳಿ ತೀರಿಸಬೇಕು. ಬಂದ, ಸರಕಾರಿ ಸ್ಕಾಲರ್‌ಶಿಪ್ ಆಫೀಸಿನಾಗ ದೊಡ್ಡ ನೌಕರಿ ಹಿಡದ, ಲಂಚ ಕಂಡ್ರ ಉರಿದು ಬೀಳ್ತಿದ್ದ. ಆಮ್ಯಾಲ ಕಾರಿನ ಕಂತು, ಇನ್ಶೂರೆನ್ಸ್, ಊರಿಗೆ ಕಳಿಸೋ ರೊಕ್ಕ, ಸಂಘದ ಸಾಲ, ದೊಡ್ಡ ನೌಕರಿಯವ ಅಂದ್ರ ಹಿಂಗೇ ಇರಬೇಕು ಅನ್ನೋ ಮಂದಿ ಮಾತು, ಒಂದೊಂದಾಗಿ ಅವನ ಕುತ್ತಿಗಿಗೆ ಬೀಳ್ತಾವ. ಅವ ಲವ್ ಮಾಡಿದ ಹುಡುಗಿ ಕ್ಲಾರಾ ಒಸು, ಅಂದ್ರ ಅವರ ಸಮಾಜದಾಗ ದೂರ ಇಟ್ಟ ಜಾತಿ, ಓದಿದ ಕ್ರಿಶ್ಚಿಯನ್ ಅಪ್ಪ-ಅವ್ವನೂ ಬ್ಯಾಡ ಅಂತಾರ. (ಇದನ್ನ ಓದುವಾಗ ನೈಜೀರಿಯಾ ಅಂತ ನೆನಪೇ ಇರಂಗಿಲ್ಲ ನಮ್ಮ ಮಂದಿಗೆ.) ಕತಿ ಶುರು ಆಗೋದೇ ಕೋರ್ಟಿನಾಗ, ಸಿಕ್ಕಿಬಿದ್ದ ಅಂತ ಮೊದಲ ಪುಟದಾಗೇ ಗೊತ್ತಾಗ್ತದ, ಹ್ಯಾಂಗ ಅನ್ನೋದಷ್ಟೇ ಉಳೀತದ.

ಎರಡನೇದು ಘಾನಾದ ಅಯಿ ಕ್ವೇ ಅರ್ಮಾ 1968ರಲ್ಲಿ ಬರೆದದ್ದು, 'ದ ಬ್ಯೂಟಿಫುಲ್ ಒನ್ಸ್ ಆರ್ ನಾಟ್ ಯೆಟ್ ಬಾರ್ನ್'. ಇಲ್ಲಿ ನಾಯಕಗ ಹೆಸರೇ ಇಲ್ಲ, ರೈಲ್ವೆದಾಗ ಕ್ಲರ್ಕ್. ವಾಡಿ ಜಂಕ್ಷನ್ನಿನಾಗ ರಾತ್ರಿ ಡ್ಯೂಟಿ ಮಾಡಿದವ್ರಿಗೆ ಆ ಆಫೀಸಿನ ಬ್ಯಾಸರ ಗುರ್ತು ಸಿಗ್ತದ. ಕಟ್ಟಿಗಿ ವ್ಯಾಪಾರಿ ವ್ಯಾಗನ್ ಕೊಡಸು ಅಂತ ರೊಕ್ಕ ತಂದ್ರ ಇವ ಒಲ್ಲೆ ಅಂತಾನ. ಮನಿಗೆ ಬಂದ್ರ ಹೆಂಡ್ತಿ ಮೆಚ್ಚಂಗಿಲ್ಲ, ಬೈತಾಳ: ಹೇಲು ಕಂಡ್ರ ಅಸಹ್ಯ ಪಡೋ ಆದ್ರ ಅದರಾಗಿನ ಹುಳ ಮಾತ್ರ ಬೇಕನ್ನೋ ಒಂದು ಹಕ್ಕಿಗೆ ಹೋಲಸ್ತಾಳ. ಅವನ ಹಳೇ ದೋಸ್ತ ಮಂತ್ರಿ ಆಗಿ ಮೆರೀಲತ್ತಾನ. ಅಚೆಬೆಯ ಓಬಿ ಯಾಕ ಬಿದ್ದ ಅಂತ ತೋರಿಸಿದ್ರ, ಅರ್ಮಾ ಬೀಳದೇ ನಿಂತವಂಗ ಮನ್ಯಾಗ ಏನು ಬೆಲಿ ಕಟ್ತಾರ ಅಂತ ತೋರಸ್ತಾನ, ನನಗ ಎರಡನೇದು ಹೆಚ್ಚು ಖರೆ ಅನಸ್ತದ. ಒಂದು ಎಚ್ಚರಿಕಿ: ಪುಸ್ತಕದ ತುಂಬ ಹೊಲಸು, ಪಾಯಖಾನಿ, ನಾತ, ಬೇಕಂತಲೇ ಬರ್ದಾನ, ಊಟಕ್ಕ ಕೂತಾಗ ಹಿಡೀಬ್ಯಾಡ್ರಿ. ಇಂಗ್ಲಿಷೂ ಬಿಗಿ. ಅಚೆಬೆಯ ಇಂಗ್ಲಿಷ್ ಮಾತ್ರ ಸರಳ, ಪಿಯುಸಿ ಹುಡುಗನೂ ಓದ್ತಾನ.

ಯಾರಿಗೆ ಯಾವುದು ಅಂದ್ರ, ಪರೀಕ್ಷೆಗೆ ಓದೋರಿಗೆ ಅಚೆಬೆ, ನೌಕರಿ ಹಿಡಿದು ಸಾಲ ಮಾಡಿ ಮನಿ ಕಟ್ಟಸ್ಲತ್ತಿದವರಿಗೆ ಅರ್ಮಾ. ನಮ್ಮ ಕಲಬುರಗಿದಾಗ ಈ ವಿಷಯ ಹೊತ್ತಿ ಉರಿದದ್ದು ಎಲ್ಲರಿಗೂ ಗೊತ್ತು, 2021ರ ಅಕ್ಟೋಬರಿನಾಗ ನಡದ 545 ಪಿಎಸ್‌ಐ ಹುದ್ದೆ ಪರೀಕ್ಷಾ, ಅಕ್ರಮದ ಎಳಿ ಬಿಚ್ಚಿದ್ದೇ ನಮ್ಮೂರಿನ ಪರೀಕ್ಷಾ ಕೇಂದ್ರದಿಂದ, 2022ರಲ್ಲಿ ಸರಕಾರ ಆ ಪರೀಕ್ಷೆನೇ ರದ್ದು ಮಾಡಿತು. ಆವಾಗ ಟಿವಿಯವ್ರು ಸಿಕ್ಕಿಬಿದ್ದವರ ಮಾರಿ ತೋರಿಸಿದ್ರು. ಖೋಲಿ ಬಾಡಿಗಿ ಕಟ್ಟಿ, ಮೆಸ್ ಊಟ ಮಾಡಿ, ಊರಾಗ ತೊಗರಿ ಮಾರಿ ಅಪ್ಪ ಕಳಿಸಿದ ರೊಕ್ಕದಾಗ ವರ್ಷಗಟ್ಟಲೆ ಓದಿ, ಖರೆನೇ ಪಾಸಾಗಿ, ಮತ್ತ ಸೊನ್ನಿಗೆ ಬಂದು ನಿಂತವರ ಮ್ಯಾಲ ಯಾರರ ಕಾದಂಬರಿ ಬರೀಬೇಕು. ನಮ್ಮ ಭಾಗಕ್ಕ ಸಂವಿಧಾನದ 371ಜೆ ಕಲಮು ಬಂತು, ಮೀಸಲಾತಿ ಸಿಕ್ತು, ನಮ್ಮ ಭಾಗದ ಹುಡುಗ್ರಿಗೆ ಸರಕಾರಿ ನೌಕರಿ ಅಂದ್ರ ಗುಳೆ ತಪ್ಪಿಸ್ಕೊಳ್ಳೋ ಬಾಗಲು ಆತು, ಅದಕ್ಕೇ ಆ ಬಾಗಲ ಮುಂದ ವ್ಯಾಪಾರನೂ ಕುದುರ್ತು. ಇಷ್ಟು ಮಾಲು ಕಣ್ಣ ಮುಂದ ಬಿದ್ದದ, ಬರೆಯೋರು ಕಲಬುರಗಿಯವ್ರೇ ಇರಬೇಕು.

ಮುಂದಿನ ಜೋಡಿ ರೊಕ್ಕ ಇದ್ದವರ ಮನಿ ಒಳಗಿನದು. ಅರವಿಂದ ಅಡಿಗರ 'ದ ವೈಟ್ ಟೈಗರ್' 2008ರ ಬುಕರ್ ಗೆದ್ದದ್ದು, ಬರೆದವ್ರು ಮಂಗಳೂರಾಗ ಬೆಳದವ್ರು. ಬಲರಾಮ ಅನ್ನೋ ಡ್ರೈವರ್ ಚೀನಾದ ಪ್ರಧಾನಿಗೆ ಪತ್ರ ಬರೀತಾನ, ನಾನು ಹ್ಯಾಂಗ ದೊಡ್ಡವ ಆದೆ ಅಂತ. ಯಜಮಾನ ದಿಲ್ಲಿದಾಗ ಮಂತ್ರಿಗಳಿಗೆ ಹಂಚಲಿಕ್ಕೆ ಒಯ್ಯೋ ರೊಕ್ಕದ ಬ್ಯಾಗಿನ ಆಸೆಕ್ಕ ಯಜಮಾನನ್ನೇ ಕೊಂದು, ಅದೇ ರೊಕ್ಕದಾಗ ಬೆಂಗಳೂರಿಗೆ ಬಂದು, ಅಲ್ಲಿ ಪೊಲೀಸರಿಗೆ ಲಂಚ ಕೊಟ್ಟು ಟ್ಯಾಕ್ಸಿ ಕಂಪನಿ ತಗೀತಾನ. ಒಂದೇ ಬ್ಯಾಗಿನ ರೊಕ್ಕ, ಮೊದಲೂ ಲಂಚ, ಆಮ್ಯಾಲೂ ಲಂಚ, ಕೈ ಮಾತ್ರ ಬದಲಾತು. ಯಜಮಾನನ ಹೆಂಡ್ತಿ ಕುಡಿದು ಗಾಡಿ ಹೊಡೆದು ಮಗು ಸಾಯಿಸಿದಾಗ ತಪ್ಪೊಪ್ಪಿಗಿ ಕಾಗದದ ಮ್ಯಾಲ ಡ್ರೈವರನ ಸಹಿ ತಗೋತಾರಲ್ಲ, ಇಡೀ ಪುಸ್ತಕದಾಗ ಅದೇ ನನಗ ಗಟ್ಟಿ ಭಾಗ. ಉಳಿದದ್ದರ ಬಗ್ಗೆ ನನಗ ಅರ್ಧ ಮನಸ್ಸು. ಭಾಳ ಚುರುಕದ, ಓಡಿಸ್ಕೊಂಡು ಹೋಗ್ತದ, ಆದ್ರ ಬಲರಾಮ ಮಾತಾಡೋದು ಬಿಹಾರದ ಹಳ್ಳಿಯವನಂಗ ಅನಸಂಗಿಲ್ಲ, ಇಂಗ್ಲಿಷ್ ಪೇಪರ್ ಓದಿದವ ಅವನ ಹಿಂದ ನಿಂತು ಹೇಳಿಕೊಟ್ಟಂಗ ಅನಸ್ತದ. ನಮ್ಮ ಆಳಂದ, ಶಹಾಪುರ, ಸುರಪುರ ಕಡಿಯಿಂದ ಬೆಂಗಳೂರು, ಪುಣೆ, ಮುಂಬೈಗೆ ಹೋಗಿ ದುಡಿಯೋ ಹುಡುಗ್ರು ಹಿಂಗ ಯೋಚನಿ ಮಾಡಂಗಿಲ್ಲ, ಅವ್ರ ತಲಿಯೊಳಗ ಊರಿನ ಸಾಲ, ತಂಗಿ ಮದಿವಿ, ಜಾತ್ರಿಗೆ ರಜಾ ಇವೇ ಇರ್ತಾವ.

ಇದರ ಎದುರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇಟ್ಟು ನೋಡ್ರಿ. ಸಣ್ಣ ಪುಸ್ತಕ, 2013ರದು, ಕನ್ನಡದಾಗೇ ಓದಬಹುದು. ಬೆಂಗಳೂರಿನ ಒಂದು ಕೆಳ ಮಧ್ಯಮ ವರ್ಗದ ಮನಿ, ಅಪ್ಪನ ನೌಕರಿ ಹೋಗ್ತದ, ಚಿಕ್ಕಪ್ಪ ಮಸಾಲಿ ವ್ಯಾಪಾರ ತಗದು ರೊಕ್ಕ ಬರ್ತದ, ಮನಿ ದೊಡ್ಡದಾಗ್ತದ, ಮನಸ್ಸು ಸಣ್ಣದಾಗ್ತದ. ಇಲ್ಲಿ ಯಾರೂ ಯಾರಿಗೂ ಲಂಚ ಕೊಡೋ ಸೀನ್ ಮುಖ್ಯ ಅಲ್ಲವೇ ಅಲ್ಲ. ರೊಕ್ಕ ಎಲ್ಲಿಂದ ಬಂತು ಅಂತ ಮನ್ಯಾಗ ಯಾರೂ ಕೇಳದೇ ಇರೋದು ಹ್ಯಾಂಗ ಅಭ್ಯಾಸ ಆಗ್ತದ, ಆ ರೊಕ್ಕ ಉಳಿಸ್ಕೊಳ್ಳಾಕ ಮನಿ ಮಂದಿ ಎಲ್ಲಿ ತನಕ ಹೋಗ್ತಾರ ಅನ್ನೋದು ಮುಖ್ಯ. ಬಲರಾಮ ಕೊಲಿ ಮಾಡಿದ್ದನ್ನ ಜೋರಾಗಿ ಹೇಳ್ಕೊತಾನ, ಶಾನಭಾಗರ ಮನಿಯವ್ರು ಏನೂ ಹೇಳಂಗಿಲ್ಲ, ನಿಮಗ ಅಂಜಿಕಿ ಬರೋದು ಇವರನ್ನ ನೋಡಿ. ಎರಡರಾಗ ಒಂದೇ ಅಂದ್ರ ನಾನು ಕಣ್ಣು ಮುಚ್ಚಿ 'ಘಾಚರ್ ಘೋಚರ್' ಅಂತೀನಿ. ಟೌನಿನಾಗ ಹೊಸದಾಗಿ ಸೈಟು, ಕಾರು, ಬಂಗಾರ ಕಂಡ ಮನಿಗೆ ಗಿಫ್ಟ್ ಕೊಡಾಕೂ ಛಲೋ (ಅವ್ರು ತಿಳ್ಕೊಂಡ್ರ).

ರಾಜಕಾರಣದ್ದು ಬೇಕು ಅನ್ನೋರಿಗೆ ಹೆಚ್ಚು ಹೇಳಂಗಿಲ್ಲ, ಅನಂತಮೂರ್ತಿಯವರ 'ಅವಸ್ಥೆ', 1978, ಸಾಕು. ದನ ಕಾಯ್ತಿದ್ದ ಹುಡುಗ ಕೃಷ್ಣಪ್ಪಗೌಡ ರೈತರ ನಾಯಕ ಆಗ್ತಾನ, ಲಕ್ವಾ ಹೊಡೆದು ಹಾಸಿಗಿ ಹಿಡದಾಗ ತನ್ನ ಬದುಕನ್ನ ಹೊಳ್ಳಿ ನೋಡ್ತಾನ, ಅದೇ ಹೊತ್ತಿಗೆ ಅಧಿಕಾರದ ಆಸೆ ಹಚ್ಚೋರು ಮಂಚದ ಸುತ್ತ ಕೂತಾರ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳು ಅದರ ಮ್ಯಾಲ ಅದ ಅಂತ ಎಲ್ಲರೂ ಹೇಳೋ ಮಾತು. ಛಲೋ ಮನುಷ್ಯ ಲಂಚ ತಗೊಳಂಗಿಲ್ಲ, ಉಪಕಾರ ತಗೋತಾನ, ಯಾರೋ ಕೊಟ್ಟ ಕಾರು, ಯಾರೋ ಕಟ್ಟಿದ ಬಿಲ್ಲು, ಈ ಸೂಕ್ಷ್ಮ ಕನ್ನಡದಾಗ ಇದಕ್ಕಿಂತ ಛಲೋ ಯಾರೂ ಹಿಡಿದಿಲ್ಲ. ವಾರಂಗಲ್ ಪೊಲೀಸರ ಕೈಯಾಗ ಅವ ಹೊಡಸ್ಕೊಳ್ಳೋ ಭಾಗ ನಮ್ಮ ಹಳೇ ನಿಜಾಂ ಸೀಮಿಯವರಿಗೆ ಬ್ಯಾರೇನೇ ತಾಕ್ತದ.

ಹೊಲ, ಜಾತಿ ಇದರ ಬುಡಕ್ಕ ಹೋಗಬೇಕು ಅನ್ನೋರಿಗೆ ಮಾಮೂಲಿ ಹೇಳೋದು ಕಾರಂತರ 'ಚೋಮನ ದುಡಿ', 1933. ಚೋಮಗ ಎತ್ತು ಅದಾವ, ಕಸುವದ, ಬೇಸಾಯದ ಹುಚ್ಚದ, ಹೊಲ ಮಾತ್ರ ಸಿಗಂಗಿಲ್ಲ ಯಾಕಂದ್ರ ಹೊಲೆಯ. ತೋಟದ ಸಾಲ ತೀರಿಸಲಿಕ್ಕೆ ಮಕ್ಕಳು ದುಡಿದು ದುಡಿದು ಒಬ್ಬೊಬ್ಬರಾಗಿ ಹೋಗ್ತಾರ. ದೊಡ್ಡ ಕೃತಿ, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರ ಕಲಬುರಗಿದಾಗ ಕೂತು ಪ್ರತಿ ಸಲ ದಕ್ಷಿಣ ಕನ್ನಡದ ಚೋಮನ್ನೇ ಹೇಳ್ಕೋತ ಕೂಡೋದು ಯಾಕ, ನಮ್ಮೂರಿನವರೇ ಆದ ಗೀತಾ ನಾಗಭೂಷಣರ 'ಬದುಕು' ಮನ್ಯಾಗೇ ಇರುವಾಗ? 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡಕ್ಕ ಆ ಪ್ರಶಸ್ತಿ ತಂದ ಮೊದಲನೇ ಹೆಣ್ಣುಮಗಳು ಅವ್ರು, 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದ್ರು, 2020ರಲ್ಲಿ ತೀರ್ಕೊಂಡ್ರು. ಗಿರಣಿ ದುಡಿಮಿ ಮನಿಯಿಂದ ಬಂದವ್ರು, ಅವ್ರ ಮಂದಿ ಆಡೋದು ನೀವು ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದಾಗ ದಿನಾ ಕೇಳೋ ಮಾತೇ, ಬೈಗುಳ ಸಮೇತ. ಕೆಳಗಿನ ಜಾತಿ, ಬಡತನ, ಅದರಾಗೂ ಹೆಣ್ಣು, ಮೂರೂ ಭಾರ ಒಂದೇ ಹೆಗಲಿಗೆ ಬಿದ್ರ ಏನಾಗ್ತದ ಅಂತ ತೋರಸ್ತಾರ. ಕಾರಂತರು ಚೋಮನನ್ನ ಮರುಕದಿಂದ, ಸ್ವಲ್ಪ ದೂರ ನಿಂತು ನೋಡ್ತಾರ, ಗೀತಕ್ಕ ಗುಡಸಲದೊಳಗ ಕೂತು ಬರೀತಾರ. ಕಟ್ಟೋಣ ಸಡಿಲದ, ಅಲ್ಲಲ್ಲಿ ಹೇಳಿದ್ದೇ ಹೇಳ್ತಾರ, ದಪ್ಪನೂ ಅದ, ಇದನ್ನ ನಾ ಮುಚ್ಚಿಡಂಗಿಲ್ಲ. ಅವ್ರ 'ಹಸಿಮಾಂಸ ಮತ್ತು ಹದ್ದುಗಳು' ಸಿನಿಮಾನೂ ಆತು, 'ಹೆಣ್ಣಿನ ಕೂಗು' ಅಂತ. ದೊಡ್ಡದು ಹಿಡಿಯಾಕ ಧೈರ್ಯ ಇಲ್ಲಂದ್ರ ಅಲ್ಲಿಂದ ಶುರು ಮಾಡ್ರಿ. ಬೆಂಗಳೂರಿನ ವಿಮರ್ಶಕರು ಇವ್ರ ಬಗ್ಗೆ ಬರೆದದ್ದು ಇವ್ರ ಯೋಗ್ಯತಾಕ್ಕ ಹೋಲಿಸಿದ್ರ ಭಾಳ ಕಮ್ಮಿ, ಅದೂ ಒಂದು ನಮೂನಿ ಅಸಮಾನತಾನೇ, ಇರಲಿ.

ಓದಾಕ ಪುರಸೊತ್ತೇ ಇಲ್ಲ, ಸಿನಿಮಾ ಹೇಳ್ರಿ ಅನ್ನೋರೂ ಅದಾರ. ನಮ್ಮ ಹಿರಿಯರು ಕೂಡ್ಲೇ ಹೇಳೋದು 1981ರ 'ಅಂತ', ಅಂಬರೀಷ್ ಮಾಡಿದ ಕನ್ವರ್‌ಲಾಲ್ ಅನ್ನೋ ಖದೀಮನ ಪಾರ್ಟ್, ಸೀಟಿ ಹೊಡೆದು ನೋಡಿದ ಸಿನಿಮಾ. ಎಚ್.ಕೆ. ಅನಂತರಾವ್ ಅವರ ಧಾರಾವಾಹಿ ಕಾದಂಬರಿ ಅದಕ್ಕ ಮೂಲ. ಮಂತ್ರಿಗಳು, ಅಧಿಕಾರಿಗಳು ಕಳ್ಳರ ಜೋಡಿ ಅದಾರ ಅಂತ ಅಷ್ಟು ಜೋರಾಗಿ ಪರದಾ ಮ್ಯಾಲ ಹೇಳಿದ್ದು ಆ ಕಾಲಕ್ಕ ದೊಡ್ಡ ಗದ್ದಲನೇ ಆತು. ಸಿಟ್ಟು ಹೊರಗ ಹಾಕಾಕ ಛಲೋ, ಆದ್ರ ಥಿಯೇಟರ್ ಬಿಟ್ಟ ಮ್ಯಾಲ ತಹಸೀಲ್ ಆಫೀಸಿನಾಗ ಅದು ಕೆಲಸಕ್ಕ ಬರಂಗಿಲ್ಲ, ಅಲ್ಲಿ ಕನ್ವರ್‌ಲಾಲ್ ಕೂತಿರಂಗಿಲ್ಲ, ಕನ್ನಡಕ ಹಾಕ್ಕೊಂಡ ಸಣ್ಣ ಮನುಷ್ಯ ಕೂತಿರ್ತಾನ. ಅದಕ್ಕ ಅದರ ಬದಲಿ ರಾಮ್ ರೆಡ್ಡಿಯ 'ತಿಥಿ' ನೋಡ್ರಿ, 2016ರಲ್ಲಿ ಥಿಯೇಟರಿಗೆ ಬಂದದ್ದು, ಮಂಡ್ಯ ಕಡಿ ಹಳ್ಳಿ, ಅಲ್ಲಿನ ಮಂದಿನೇ ಆಕ್ಟ್ ಮಾಡ್ಯಾರ. ನೂರು ದಾಟಿದ ಸೆಂಚುರಿ ಗೌಡ ಸಾಯ್ತಾನ, ಹೊಲ ಮಗ ಗಡ್ಡಪ್ಪನ ಹೆಸರಿಗೆ ಬರಬೇಕು, ಗಡ್ಡಪ್ಪಗ ಹೊಲದ ಪರವಾನೇ ಇಲ್ಲ, ಕುಡ್ಕೋತ ತಿರಗ್ತಾನ, ಮೊಮ್ಮಗ ತಮ್ಮಣ್ಣ ಹೊಲ ಮಾರಬೇಕಂತ ಜೀವಂತ ಅಪ್ಪ ಸತ್ತಾನಂತ ಸುಳ್ಳು ಮರಣ ಪ್ರಮಾಣಪತ್ರ ಮಾಡಸ್ತಾನ. ಅದಕ್ಕ ಕೈ ಬಿಸಿ ಮಾಡೋ ರೊಕ್ಕನೂ ಬಡ್ಡಿ ಸಾಲನೇ. ಲಂಚದ ರೊಕ್ಕ ಎಲ್ಲಿಂದ ಬರ್ತದ ಅನ್ನೋ ಪ್ರಶ್ನೆ ಎಷ್ಟು ಸಿನಿಮಾ ಕೇಳ್ಯಾವ ಹೇಳ್ರಿ?

ಹಿಂಗಾಗಿ ನನ್ನ ಸಲಹಾ ಆಳು ನೋಡಿ ಬದಲಾಗ್ತದ. ಎಫ್‌ಡಿಎ ಹುಡುಗ್ರಿಗೆ ತಬರ, ಆಮ್ಯಾಲ ಅಚೆಬೆ. ಹಿಂದಿ ಬರೋ ಬೀದರಿನವರಿಗೆ 'ರಾಗ್ ದರ್ಬಾರಿ', ಬ್ಯಾರೇನೂ ಬ್ಯಾಡ. ಯಾದಗಿರಿ ಕಡಿ ಸಾಲಿ ಮಾಸ್ತರ್ರು ಮಕ್ಕಳಿಗೆ ಓದಿ ಹೇಳಬೇಕಂದ್ರ 'ಒಡಲಾಳ'ದ ಕಡಲೆಕಾಯಿ ರಾತ್ರಿ, ಆದ್ರ ಮೊದಲ ನೀವು ಎರಡು ಸಲ ಜೋರಾಗಿ ಓದಿ ನಾಲಿಗಿ ತಿರುಗಿಸ್ಕೊರಿ. 'ಬದುಕು' ಅಂಗಡ್ಯಾಗ ಸಿಗದಿದ್ರ ಜಿಲ್ಲಾ ಗ್ರಂಥಾಲಯದಾಗ, ಕಾಲೇಜ್ ಲೈಬ್ರರಿದಾಗ ಕೇಳ್ರಿ. 'ವೈಟ್ ಟೈಗರ್' ಸಿನಿಮಾನೂ ಅದ, 2021ರದು, ಪುಸ್ತಕಕ್ಕ ಇಂಗ್ಲಿಷ್ ಅಡ್ಡ ಆದ್ರ ಅದನ್ನ ನೋಡಿದ್ರೂ ನಡೀತದ, ಹಿಂದಿ ಇಂಗ್ಲಿಷ್ ಬೆರಕಿ ಮಾತದ. 'ತಿಥಿ' ಮಾತ್ರ ಮನ್ಯಾಗ ಹಿರಿಯರ ಮುಂದ ಹಾಕೋ ಮೊದಲ ಒಂದು ಸಲ ನೀವೊಬ್ಬರೇ ನೋಡ್ರಿ, ಸೆಂಚುರಿ ಗೌಡ ಮೊದಲನೇ ಸೀನಿನಾಗೇ ಹಾದಿ ಮ್ಯಾಲ ಕೂತು ಹೋಗೋ ಬರೋ ಮಂದಿಗೆ ಏನೇನು ಬೈತಾನ ಅಂದ್ರ, ರಿಮೋಟ್ ಹುಡುಕ್ಲಿಕ್ಕೂ ಹೊತ್ತು ಸಿಗಂಗಿಲ್ಲ.